ಗಡಿಯಾರ ಎಲ್ಲಿ ಕಟ್ಟಬೇಕು?

ವಿದ್ಯುತ್ ಸರಬರಾಜು ಕಂಪನಿಯ ಸಾಧನೆ ಅಳೆಯಲು ಸೂಚ್ಯಂಕ ಆರಿಸುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆಯೇ? ಗಾಬರಿ ಬೇಡ. ಕಂಬ ನೆಡುವುದಕ್ಕಿಂತ ಇದು ಸುಲಭ, ಗುಂಡಿ ತೋಡುವ ಗೋಜಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆದರೆ ಹೊಡೆದದ್ದು ವರದಿಯಲ್ಲಿ ಕಾಣಬೇಕು, ಅಷ್ಟೇ.

ಜಗತ್ತೆಲ್ಲ ಒಪ್ಪಿರುವ ಸೂಚ್ಯಂಕಗಳು ಎರಡು. ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಸಲ ಕರೆಂಟ್ ಹೋಯಿತು ಎಂಬುದು ಸೈಫಿ, ಒಟ್ಟು ಎಷ್ಟು ಹೊತ್ತು ಹೋಯಿತು ಎಂಬುದು ಸೈಡಿ. ಗ್ರಾಹಕ ಇರುವುದು ಮನೆಯಲ್ಲಿ. ನೀವು ಗಡಿಯಾರವನ್ನು ಸಬ್‌ಸ್ಟೇಷನ್ನಿನ 11 ಕೆವಿ ಬ್ರೇಕರ್‌ಗೆ, ಅಂದರೆ ಲೈನಿನ ತಲೆಯಲ್ಲಿರುವ ದೊಡ್ಡ ಸ್ವಿಚ್ಚಿಗೆ ಕಟ್ಟಿ. ಅಲ್ಲಿಂದ ಹೊರಡುವ, 2,000 ಮನೆಗಳ ಒಂದು ಫೀಡರ್ (ಲೈನು) ಇದೆ ಎನ್ನಿ. ಅದರಲ್ಲಿ 60 ಮನೆಗಳ ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಮೂರು ದಿನ ಕತ್ತಲು. ಮನೆಬಾಗಿಲಲ್ಲಿ ಲೆಕ್ಕ ಹಾಕಿದರೆ 60 ಮನೆ, 72 ಗಂಟೆ, ಒಟ್ಟು 2,59,200 ನಿಮಿಷ. 2,000ದಿಂದ ಭಾಗಿಸಿದರೆ ಸೈಡಿ ಸುಮಾರು 130 ನಿಮಿಷ. ಬ್ರೇಕರ್ ಬಳಿ ಲೆಕ್ಕ ಹಾಕಿದರೆ ಸೊನ್ನೆ. ಬ್ರೇಕರ್ ಬಿದ್ದೇ ಇಲ್ಲವಲ್ಲ!

ಅಷ್ಟಕ್ಕೂ ಸಮಾಧಾನವಾಗದಿದ್ದರೆ ನಿಯಮದಲ್ಲೇ ಇನ್ನೂ ಕಿಂಡಿಗಳಿವೆ. ಹಲವು ನಿಯಮಗಳಲ್ಲಿ 5 ನಿಮಿಷಕ್ಕಿಂತ ಕಡಿಮೆ ಹೋದದ್ದು ಹೋದದ್ದಲ್ಲ. ಕೃಷಿಯೇ ಹೆಚ್ಚಿರುವ ಫೀಡರ್‌ಗಳನ್ನು ಹಲವು ಕಡೆ ಲೆಕ್ಕದಿಂದಲೇ ಕೈಬಿಡುತ್ತಾರೆ. ಗ್ರಾಹಕರ ಸಂಖ್ಯೆಯ ಬದಲು ಸಂಪರ್ಕಿತ ಹೊರೆ ಹಿಡಿದು ತೂಗುವ ಸೂತ್ರವೂ ಉಂಟು. ಅದರಲ್ಲಿ ಒಂದು ಕಾರ್ಖಾನೆ ಇಡೀ ಒಂದು ಊರಿಗಿಂತ ಭಾರ.

ಸೈಫಿ, ಸೈಡಿ ಇವೆರಡರ ಮಗುವೊಂದಿದೆ, ಕೈಡಿ. ಸೈಡಿಯನ್ನು ಸೈಫಿಯಿಂದ ಭಾಗಿಸಿದರೆ ಬರುವುದು, ಅಂದರೆ ಹೋದ ಕರೆಂಟ್ ಸರಾಸರಿ ಎಷ್ಟು ಹೊತ್ತಿಗೆ ಬಂತು ಎನ್ನುವುದು. ಇದನ್ನು ಆರಿಸಿಕೊಂಡವರು ಜಾಣರು. ತಿಂಗಳಲ್ಲಿ ಒಂದೇ ಸಲ 120 ನಿಮಿಷ ಹೋಗಿದ್ದರೆ ಕೈಡಿ 120, ಮೇಲಧಿಕಾರಿಯಿಂದ ನೋಟಿಸ್ ಗ್ಯಾರಂಟಿ. ಅದೇ ತಿಂಗಳು ಹತ್ತತ್ತು ನಿಮಿಷ ಇನ್ನೂ ನಾಲ್ಕು ಸಲ ತೆಗೆದುಬಿಡಿ. 160 ನಿಮಿಷ, 5 ಸಲ, ಕೈಡಿ 32. ಜನರಿಗೆ ಕತ್ತಲು ಹೆಚ್ಚಾಯಿತು, ನಿಮಗೆ ಪ್ರಶಂಸಾಪತ್ರ ಬಂತು.

ಇನ್ನು ಫ್ಯೂಸ್ ದೂರುಗಳ ಸಂಖ್ಯೆ. ಕಡಿಮೆಯಾದಷ್ಟೂ ಒಳ್ಳೆಯದು ಎಂದು ಬರೆದಿಡಿ, ಉಳಿದದ್ದನ್ನು ಲೈನ್‌ಮನ್ ನೋಡಿಕೊಳ್ಳುತ್ತಾನೆ. 63 ಕೆವಿಎ ಟಿಸಿಯ ಎಲ್‌ಟಿ ಕಡೆ, ಅಂದರೆ ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ ಕಡೆ, ಪೂರ್ಣ ಹೊರೆಯ ಕರೆಂಟು ಸುಮಾರು 84 ಆಂಪಿಯರ್. ಅಲ್ಲಿ ಫ್ಯೂಸಾಗಿ ಇರಬೇಕಾದದ್ದು ಅದಕ್ಕೆ ತಕ್ಕ ತವರ ಲೇಪಿಸಿದ ತಾಮ್ರದ ತಂತಿ. ಅದು ಸ್ಟೋರಿನಲ್ಲಿ ಸ್ಟಾಕ್ ಇಲ್ಲ. ಪಕ್ಕದಲ್ಲಿ ಹಳೆಯ ವೀಸಲ್ ಕಂಡಕ್ಟರ್ (ಲೈನಿಗೆ ಎಳೆಯುವ ತಂತಿ) ತುಂಡು ಬಿದ್ದಿದೆ. ಅದರ ಒಂದು ಅಲ್ಯೂಮಿನಿಯಂ ಎಳೆ 2.59 ಮಿಲಿಮೀಟರ್ ದಪ್ಪ. ಅದು ಕರಗಬೇಕಾದರೆ, ಪುಸ್ತಕದ ಲೆಕ್ಕದಲ್ಲಿ, ಸುಮಾರು 250 ಆಂಪಿಯರ್ ಬೇಕು. ಎರಡು ಎಳೆ ಸುತ್ತಿದರೆ ಇನ್ನು ಆ ಫ್ಯೂಸಿನ ಸುದ್ದಿಗೆ ಯಾರೂ ಹೋಗಬೇಕಿಲ್ಲ. ಸಂಜೆ ರೈತರು ಕನ್ವರ್ಟರ್ ಹಾಕಿ, ಮೂರು ಫೇಸಿನ ಪಂಪನ್ನು ಸಿಂಗಲ್ ಫೇಸಿನಲ್ಲೇ ಓಡಿಸುತ್ತಾರೆ, ಹೊರೆಯೆಲ್ಲ ಒಂದೇ ಫೇಸಿನ ಮೇಲೆ ಕೂರುತ್ತದೆ. ಫ್ಯೂಸ್ ಹೋಗುವುದಿಲ್ಲ. ದೂರು ಬರುವುದಿಲ್ಲ. ಸೂಚ್ಯಂಕ ಹಸಿರು. ಎಣ್ಣೆ ಕಾಯುತ್ತದೆ, ವೈಂಡಿಂಗ್‌ನ ಕಾಗದ ಕರಕಲಾಗುತ್ತದೆ, ಒಂದು ದಿನ ಟಿಸಿಯೇ ಫ್ಯೂಸಿನ ಕೆಲಸ ಮಾಡುತ್ತದೆ. ಐವತ್ತು ರೂಪಾಯಿಯ ತಂತಿ ಉಳಿಯಿತೆನ್ನಿ. ಟಿಸಿ ವೈಫಲ್ಯ ಬೇರೆ ಸೂಚ್ಯಂಕ, ಅದು ಬೇರೆಯವರ ತಲೆನೋವು.

ಅದಕ್ಕೂ ಮದ್ದಿದೆ. ಕರ್ನಾಟಕದಲ್ಲಿ ಸುಟ್ಟ ಟಿಸಿ ಬದಲಿಸಲು ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಗಡುವು. ಗಂಟೆ ಎಣಿಸುವುದು ದೂರು ದಾಖಲಾದ ಮೇಲೆ. ರೈತರು ಚಂದಾ ಎತ್ತಿ, ಟ್ರ್ಯಾಕ್ಟರ್ ಮಾಡಿಕೊಂಡು, ಸುಟ್ಟದ್ದನ್ನು ರಿಪೇರಿ ಕೇಂದ್ರಕ್ಕೆ ಒಯ್ದು ಬೇರೆಯದನ್ನು ತರಲಿ. ಅದು ಊರ ಬಾಗಿಲಿಗೆ ಬಂದಾಗ ದೂರು ದಾಖಲಿಸಿ. ಎರಡೇ ಗಂಟೆಯಲ್ಲಿ ಪರಿಹಾರ! ಟ್ರ್ಯಾಕ್ಟರ್ ಬಾಡಿಗೆಗೆ ಯಾವ ಸೂಚ್ಯಂಕವೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ದೇವರು ಎಟಿ ಅಂಡ್ ಸಿ ನಷ್ಟ, ಅಂದರೆ ತಂತಿಯಲ್ಲಿ, ಕಳ್ಳತನದಲ್ಲಿ, ವಸೂಲಾಗದ ಬಿಲ್ಲಿನಲ್ಲಿ ಸೋರಿಹೋಗುವ ಪಾಲು. 2021ರಲ್ಲಿ ಕೇಂದ್ರ ತಂದ, ವಿತರಣಾ ಕಂಪನಿಗಳನ್ನು ಸುಧಾರಿಸುವ ಆರ್‌ಡಿಎಸ್‌ಎಸ್ ಯೋಜನೆ ದೇಶಮಟ್ಟದಲ್ಲಿ ಇದನ್ನು ಶೇ 12–15ರ ಮಟ್ಟಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಸೂತ್ರ ಸರಳ. ಕಂಪನಿಗೆ ಬಂದ 100 ಯೂನಿಟ್ಟಿನಲ್ಲಿ 85ಕ್ಕೆ ಬಿಲ್ ಆಗಿ, ಬಿಲ್ಲಿನ ಶೇ 95 ವಸೂಲಾದರೆ, 0.85ನ್ನು 0.95ರಿಂದ ಗುಣಿಸಿ ಒಂದರಿಂದ ಕಳೆಯಿರಿ. ನಷ್ಟ ಶೇ 19.25. ತಂತಿ ಬದಲಿಸಿ, ಕಳ್ಳತನ ಹಿಡಿದು ಇದನ್ನು ಇಳಿಸಬಹುದು. ಬೆವರು ಬರುತ್ತದೆ. ಇನ್ನೊಂದು ದಾರಿ ಐಪಿ ಸೆಟ್, ಅಂದರೆ ರೈತನ ನೀರಾವರಿ ಪಂಪು. 10 ಎಚ್‌ಪಿವರೆಗೆ ಉಚಿತ, ಬಹುಪಾಲಿಗೆ ಮೀಟರಿಲ್ಲ. ಕೆಲವು ಟಿಸಿಗಳ ಮೀಟರ್ ಓದಿ, ಒಂದು ಸೆಟ್ಟಿಗೆ ಇಷ್ಟು ಎಂದು ಸರಾಸರಿ ತೆಗೆದು, ಎಲ್ಲ ಸೆಟ್ಟುಗಳಿಗೂ ಗುಣಿಸುವುದು ಪದ್ಧತಿ. ಮಾದರಿ ಟಿಸಿಗಳು ಕಾಲುವೆಯ ಪಕ್ಕದ, ವರ್ಷವಿಡೀ ನೀರೆತ್ತುವ ಜಮೀನಿನವೇ ಆಗಿರಲಿ. ಆಗ ಐದು ವರ್ಷದ ಹಿಂದೆ ಬತ್ತಿದ ಕೊಳವೆಬಾವಿಯ ಸೆಟ್ಟೂ ಕಡತದಲ್ಲಿ ಭೋರ್ಗರೆಯುತ್ತದೆ. ಐಪಿ ಬಳಕೆ ಐದು ಯೂನಿಟ್ ಹಿಗ್ಗಿತು ಎನ್ನಿ, ಬಿಲ್ ಆದದ್ದು 90, ನಷ್ಟ ಶೇ 14.5. ಗುರಿ ಮುಟ್ಟಿತು, ಒಂದು ಇನ್ಸುಲೇಟರ್ ಕೂಡ ಒರೆಸಲಿಲ್ಲ. ಆ ಐದು ಯೂನಿಟ್ಟಿನ ಸಬ್ಸಿಡಿ ಬಿಲ್ಲು ಸರ್ಕಾರಕ್ಕೆ, ಬೈಗುಳ ರೈತನಿಗೆ: ‘ಪುಕ್ಕಟೆ ಕರೆಂಟ್ ಹಾಳು ಮಾಡುತ್ತಾರೆ.’

ವೋಲ್ಟೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಎಲ್‌ಟಿ ಲೈನಿನ ಬಾಲದಲ್ಲಿ 170 ವೋಲ್ಟ್ ಇದ್ದರೂ ಸೈಡಿಯ ಕಣ್ಣಿಗೆ ಕರೆಂಟ್ ಇದೆ. ಮೋಟಾರ್ ಹೆಚ್ಚು ಆಂಪಿಯರ್ ಎಳೆದು ಸುಟ್ಟುಕೊಂಡರೆ ಅದು ವೈಂಡಿಂಗ್ ಅಂಗಡಿಯವನ ಸೂಚ್ಯಂಕ.

ಈಗ ಟಿಸಿಗೊಂದು ಮೀಟರ್, ಮೀಟರಿಗೊಂದು ಮೋಡೆಮ್ ಬರುತ್ತಿದೆ, ಗುಟ್ಟು ರಟ್ಟಾದೀತು ಎಂಬ ಭಯವೇ? ಮೋಡೆಮ್ಮಿಗೂ ಆ ಟಿಸಿಯಿಂದಲೇ ಕರೆಂಟ್ ಬರಬೇಕು. ಟಿಸಿ ಸತ್ತ ಸ್ವಲ್ಪ ಹೊತ್ತಿಗೆ ಅದೂ ಸುಮ್ಮನಾಗುತ್ತದೆ. ಪರದೆಯ ಮೇಲೆ ‘ಕರೆಂಟ್ ಇಲ್ಲ’ ಎಂದು ತೋರಿಸದೆ ‘ಸಂಪರ್ಕ ಇಲ್ಲ’ ಎಂದು ತೋರಿಸುವಂತೆ ಸಾಫ್ಟ್‌ವೇರಿನವರಿಗೆ ಹೇಳಿ. ಸಂಪರ್ಕ ಇಲ್ಲದ ಟಿಸಿಗಳನ್ನು ಸರಾಸರಿಗೆ ಸೇರಿಸತಕ್ಕದ್ದಲ್ಲ ಎಂದು ಕೆಳಗೊಂದು ಟಿಪ್ಪಣಿ ಬರೆದು ಸಹಿ ಹಾಕಿ.