ಹಾರ್ಮೋನ್ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಗ್ಯಾರಂಟಿನಾ?

‘ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ನುಂಗಿದರೆ ಸ್ತನ ಕ್ಯಾನ್ಸರ್ ಖಚಿತ’ ಎಂಬ ಫಾರ್ವರ್ಡ್ ಸುತ್ತುತ್ತಿದೆ. ಇದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಈ ಭಯ ಹೆಚ್ಚಾಗಿ ಹುಟ್ಟಿದ್ದು 2002ರಲ್ಲಿ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನ್‌ಗಳನ್ನು ತೆಗೆದುಕೊಂಡ 10,000 ಮಹಿಳೆಯರಲ್ಲಿ, ತೆಗೆದುಕೊಳ್ಳದವರಿಗಿಂತ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡವು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ವರ್ಷಗಳೇ ಆಗಿದ್ದವು. ಫಾರ್ವರ್ಡ್‌ನಲ್ಲಿ ಇದೆಲ್ಲ ಇರಲ್ಲ, ಅಲ್ವಾ?

ಹೆದರಿ, ಈಸ್ಟ್ರೋಜನ್ ಮುಂದುವರಿಸಿ ಪ್ರೊಜೆಸ್ಟಿನ್ ಒಂದನ್ನೇ ಬಿಡುವುದು ಇನ್ನೂ ಅಪಾಯ. ಗರ್ಭಕೋಶ ಇರುವವರಿಗೆ ಅದರ ಒಳಪದರವನ್ನು ಕ್ಯಾನ್ಸರ್‌ನಿಂದ ಕಾಪಾಡುವುದೇ ಅದು.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಾತ್ರೆ ತೆಗೆದುಕೊಳ್ಳುವಾಗ ಒಂದೇ ಕಾಲು ಊದಿ ನೋವು, ಎದೆನೋವು, ಉಸಿರಾಟದ ತೊಂದರೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.