ಬೆಂಕಿ ನೋಟಿಸ್ ಕೊಟ್ಟೇ ಬರುತ್ತದೆ

ನಮ್ಮ ತುಮಕೂರಿನ ಟೆರೇಸ್ ಕೆಫೆಗಳ ಮಾಲೀಕರಿಗೆ ಬೆಂಕಿಯ ಮೇಲೆ ಬಹಳ ನಂಬಿಕೆ. ಅದು ಹೇಳದೆ ಕೇಳದೆ ನುಗ್ಗುವ ಪೈಕಿ ಅಲ್ಲವಂತೆ. ಬಂದರೆ ಸಾಹೇಬರು ಬಂದ ಹಾಗೆಯೇ ಬರುತ್ತದಂತೆ. ಮೊದಲು ಒಂದು ನೋಟಿಸು, ಆಮೇಲೆ ಒಂದು ಫೋನು. ಆಮೇಲೆ ನಿಧಾನವಾಗಿ ಮೆಟ್ಟಿಲು ಹತ್ತಿ, ಒಂದು ಕೋಲ್ಡ್ ಕಾಫಿ ಕುಡಿದು, ಗೋಡೆ ಮೇಲಿನ ಬೆಂಕಿ ಆರಿಸುವ ಕೆಂಪು ಡಬ್ಬಿ ಕಡೆ ಕತ್ತೆತ್ತಿ ನೋಡಿ, 'ಓ, ಇಟ್ಟಿದ್ದೀರಲ್ಲ' ಅಂತ ಹೇಳಿ ವಾಪಸ್ ಹೋಗುತ್ತದೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನವರು ಈ ವಿಷಯದಲ್ಲಿ ಪಾಪ, ಹಿಂದುಳಿದವರು. ಬಾಗಿಲು ರಸ್ತೆಗೇ ತೆರೆಯುತ್ತದೆ. ಎರಡು ಹೆಜ್ಜೆ ಇಟ್ಟರೆ ಹೊರಗೆ. ಅದರಲ್ಲಿ ಏನು ಆಂಬಿಯೆನ್ಸ್ ಬಂತು? ಆಂಬಿಯೆನ್ಸ್ ಬೇಕು ಅಂದರೆ ಮೂರನೇ ಮಹಡಿಯ ಮೇಲಕ್ಕೆ ಹೋಗಬೇಕು. ಬಿದಿರಿನ ತಡಿಕೆ, ತೆಂಗಿನ ಗರಿಯ ಚಪ್ಪರ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಅದರ ಮೇಲೆ ಸ್ಪಂಜಿನ ಸೋಫಾ, ತಲೆ ಮೇಲೆ ಜೋತುಬಿದ್ದ ಸೀರಿಯಲ್ ಲೈಟು. ಬೆಂಕಿಗೆ ಹಸಿವಾದರೆ ಅಲ್ಲಿ ಮೆನು ಕಾರ್ಡೇ ಬೇಡ. ಇಳಿಯಲು ಒಂದೇ ಕಬ್ಬಿಣದ ಮೆಟ್ಟಿಲು. ಒಬ್ಬ ಇಳಿಯುವಾಗ ಇನ್ನೊಬ್ಬ ಹತ್ತುವ ಹಾಗಿಲ್ಲ.

'ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅದೇ ನಿರಾಕ್ಷೇಪಣಾ ಪತ್ರ, ಇದೆಯಾ ಸ್ವಾಮಿ?' ಅಂತ ಕೇಳಿ ನೋಡಿ. 'ನಮ್ಮದು ಅಷ್ಟು ಎತ್ತರದ ಬಿಲ್ಡಿಂಗ್ ಅಲ್ಲ ಸಾರ್, ನಮಗೆ ಅನ್ವಯಿಸಲ್ಲ' ಅಂತಾರೆ. ಅಂದರೆ ಬೆಂಕಿ ಕೈಯಲ್ಲಿ ಟೇಪು ಹಿಡಿದುಕೊಂಡೇ ಬರುತ್ತೆ ಅಂತ ಆಯ್ತಲ್ವಾ? ಇನ್ನೂ ಜಾಣರಿದ್ದಾರೆ. ಅವರ ಟೆರೇಸು ನಕ್ಷೆಯಲ್ಲೇ ಇಲ್ಲ. ಆ ಮಹಡಿಗೆ ಮೆನು ಇದೆ, ಜಿಎಸ್‌ಟಿ ಬಿಲ್ ಇದೆ, ಇನ್‌ಸ್ಟಾಗ್ರಾಂ ಖಾತೆ ಇದೆ. ಕಾಗದದಲ್ಲಿ ಮಾತ್ರ ಬರೀ ಆಕಾಶ. ಆಕಾಶಕ್ಕೆ ಬೆಂಕಿ ಬೀಳುವುದುಂಟೇ?

ಇನ್ನು ಆ ಕೆಂಪು ಡಬ್ಬಿ. ಅದರ ಮೀಟರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ನೋಡೋಣ ಅಂದರೆ ಮೀಟರೇ ಕಾಣುವುದಿಲ್ಲ, ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಮೆತ್ತಿಕೊಂಡಿದೆ. ಒಣಗಿದ ಸೇವಂತಿಗೆ ಹಾರ ಇನ್ನೂ ಕುತ್ತಿಗೆಯಲ್ಲೇ ಇದೆ. ಪಿನ್ ಎಳೆಯಬೇಕು, ಪೈಪನ್ನು ಉರಿಯ ಬುಡಕ್ಕೆ ಹಿಡಿಯಬೇಕು, ಹಿಡಿ ಒತ್ತಿ ಆ ಕಡೆ ಈ ಕಡೆ ಆಡಿಸಬೇಕು. ಇಷ್ಟೇ ವಿದ್ಯೆ. ಮೊಜಿಟೋ ಕಲಿಸಲು ಹುಡುಗರಿಗೆ ಒಂದು ವಾರ ಕೊಡುವ ಮಾಲೀಕರಿಗೆ ಇದಕ್ಕೆ ಹತ್ತು ನಿಮಿಷ ಸಿಕ್ಕಿಲ್ಲ. ಪಕ್ಕದಲ್ಲಿ ಮರಳಿನ ಬಕೆಟ್ಟೂ ಇದೆ. ಮರಳಿಗಿಂತ ಸಿಗರೇಟಿನ ತುಂಡುಗಳೇ ಜಾಸ್ತಿ.

ಅಡುಗೆಮನೆಗೆ ಬನ್ನಿ. ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ತಳಕ್ಕೆ ಹೋಗಿ, ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಸೂರಿಗೆ ಎರಚುತ್ತದೆ. ಗ್ಯಾಸ್ ಆಫ್ ಮಾಡಿ ಮುಚ್ಚಳ ಮುಚ್ಚಬೇಕು. ಎಣ್ಣೆ ಬೆಂಕಿಗೆಂದೇ ಕೆ ಕ್ಲಾಸ್ ಅಂತ ಬೇರೆ ನಮೂನೆಯ ಡಬ್ಬಿ ಸಿಗುತ್ತದೆ. ಇಲ್ಲಿರುವುದು ಒಂದು ಬಕೆಟ್ ನೀರು. ಅದೂ ಲೋಟ ತೊಳೆದದ್ದು.

ಸಿಲಿಂಡರ್ ಕಥೆ ಇನ್ನೂ ಸೊಗಸು. ಹೋಟೆಲಿನವರು ಬಳಸಬೇಕಾದದ್ದು 19 ಕೆಜಿಯ ಕಮರ್ಷಿಯಲ್ ಸಿಲಿಂಡರ್. ಆದರೆ ಮನೆಗೆ ಕೊಡುವ 14.2 ಕೆಜಿಯದ್ದು ಅಗ್ಗ ಅಲ್ವಾ? ಹಾಗಂತ ಅದನ್ನು ಆಹಾರ ಇಲಾಖೆಯವರ ಕಣ್ಣಿಗೆ ಬೀಳುವ ಹಾಗೆ ಇಡಲಾಗುವುದಿಲ್ಲ. ಮರೆಯ ಜಾಗ ಎಲ್ಲಿದೆ? ಮೆಟ್ಟಿಲ ಕೆಳಗೆ. ಹೀಗೆ ಒಂದು ಇಲಾಖೆಗೆ ಹೆದರಿ ಬಚ್ಚಿಟ್ಟ ಮಾಲು, ಇನ್ನೊಂದು ಇಲಾಖೆ ಖಾಲಿ ಬಿಡಿ ಎಂದ ಜಾಗದಲ್ಲೇ ಕೂರುತ್ತದೆ. ಜನ ತಪ್ಪಿಸಿಕೊಂಡು ಓಡಿಬರಬೇಕಾದದ್ದು ಅದರ ನೆತ್ತಿಯ ಮೇಲೆಯೇ.

ಇಷ್ಟೆಲ್ಲ ಹೇಳಿದರೆ 'ಸುಮ್ನೆ ಹೆದರಿಸ್ತೀರಿ' ಅಂತಾರೆ. 2017ರ ಡಿಸೆಂಬರ್ 29ಕ್ಕೆ ಮುಂಬೈಯ ಕಮಲಾ ಮಿಲ್ಸ್ ಟೆರೇಸಿನಲ್ಲಿ 14 ಜನ ಸತ್ತರು. ಸರಿಯಾಗಿ 10 ದಿನ ಕಳೆದು ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರಿಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ 5 ಕೆಲಸಗಾರರು ಹೋದರು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕೆಫೆಯಿಂದ ಒಬ್ಬ ಜೀವ ಉಳಿಸಿಕೊಳ್ಳಲು ನಾಲ್ಕನೇ ಮಹಡಿಯಿಂದ ಹಾರಿದ. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಜನ, ಹೆಚ್ಚಿನವರು ಅಲ್ಲೇ ದುಡಿಯುತ್ತಿದ್ದವರು. ನಮ್ಮಲ್ಲೂ ರಾತ್ರಿ ಹುಡುಗರು ಮಲಗುವುದು ಅಂಗಡಿಯೊಳಗೇ. ಶಟರ್ ಎಳೆದು ಬೀಗ ಹಾಕುವುದು ಹೊರಗಿನಿಂದ. ಕಳ್ಳರ ಭಯ ನೋಡಿ. ಇದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ.

ಪ್ರತಿ ದುರಂತದ ಮರುದಿನ ಎಲ್ಲ ಊರಿನಲ್ಲೂ ತಪಾಸಣೆಯ ಹಬ್ಬ. ಹದಿನೈದು ದಿನ ಮೆಟ್ಟಿಲು ಖಾಲಿ. ಆಮೇಲೆ ಸಿಲಿಂಡರ್‌ಗಳು ತವರಿಗೆ ವಾಪಸ್. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಬೇರೆ ಬರುತ್ತದೆ. 1944ರಲ್ಲಿ ಬಾಂಬೆ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಅದು. ಸಿಬ್ಬಂದಿ ಬಿಸಿಲಲ್ಲಿ ನಿಂತು ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಸಾಲಾಗಿ ಕೂತು ಚಪ್ಪಾಳೆ ತಟ್ಟುವವರು ಶಾಲಾ ಮಕ್ಕಳು. ಕೆಫೆ ಮಾಲೀಕರು ಆವತ್ತು ಬಿಜಿ.

ಹಾಗಂತ ಕೆಫೆಗಳಲ್ಲಿ ಬೆಂಕಿಯ ತರಬೇತಿ ಪಡೆದವರು ಇಲ್ಲವೇ ಇಲ್ಲ ಅನ್ನಬೇಡಿ. ಫೈರ್ ಪಾನ್ ಮಾಡುವ ಹುಡುಗ ಇದ್ದಾನೆ. ಧಗಧಗ ಉರಿಯುವ ವೀಳ್ಯದೆಲೆಯನ್ನು ಗಿರಾಕಿಯ ಬಾಯಿಗೇ ತುರುಕುತ್ತಾನೆ, ಮೀಸೆಯ ಒಂದು ಕೂದಲೂ ಸುಡುವುದಿಲ್ಲ. ಅವನ ಟೇಬಲ್ಲನ್ನು ತುರ್ತು ಬಾಗಿಲಿಗೆ ಅಡ್ಡವಾಗಿ ಹಾಕಿದ್ದಾರೆ. ಯಾಕೆ ಅಂತ ಕೇಳಿದರೆ, 'ಎಕ್ಸಿಟ್ ಬೋರ್ಡಿನ ಹಸಿರು ಲೈಟಿಗೆ ರೀಲ್ಸ್ ಸಖತ್ತಾಗಿ ಬರುತ್ತೆ ಸಾರ್.'