ಮೊದಲು ಬಂದ ಹಕ್ಕಿಗೆ ಊಟ ಹಾಕೋರು ಯಾರು?

ನಮ್ಮ ಕಡೆ ಶಿವರಾತ್ರಿ ಬಂತು ಅಂದರೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ. ನಾನಿರುವ ಅಮೆರಿಕದ ಟೆನೆಸಿಯಲ್ಲಿ ಆ ಮಾತು ನಡೆಯೋದಿಲ್ಲ. ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ 20 ಡಿಗ್ರಿ ಬಿಸಿಲು, ಸ್ವೆಟರ್ ಬೇಡ. ಎರಡು ದಿನ ಬಿಟ್ಟು ಎದ್ದು ನೋಡಿದರೆ ಕಾರಿನ ಗಾಜಿನ ತುಂಬಾ ಮಂಜುಗಡ್ಡೆ. ಗಿಡ ಹೂ ಬಿಟ್ಟ ಮೇಲೂ ಚಳಿ ತಿರುಗಿ ಬರುತ್ತದೆ ಅಂತ ಇಲ್ಲಿನ ಹಳೇ ಜನಕ್ಕೆ ಚೆನ್ನಾಗಿ ಗೊತ್ತು. ಅದಕ್ಕೇ ಆ ಚಳಿಗಳಿಗೆ ಹೂವಿನ ಹೆಸರೇ ಇಟ್ಟಿದ್ದಾರೆ: ರೆಡ್‌ಬಡ್ ಚಳಿ, ಡಾಗ್‌ವುಡ್ ಚಳಿ, ಮೇ ತಿಂಗಳಿನ ಬ್ಲ್ಯಾಕ್‌ಬೆರಿ ಚಳಿ.

ಇಂಥ ನಂಬಲಾಗದ ಹವೆಯಲ್ಲೇ ಪರ್ಪಲ್ ಮಾರ್ಟಿನ್ ಹಕ್ಕಿಗಳು ವಾಪಸ್ ಬರುತ್ತವೆ. ಊರಲ್ಲಿ ಕರೆಂಟು ತಂತಿ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳ ಬಳಗದ್ದು ಇದು. ತೂಕ ಸುಮಾರು 50 ಗ್ರಾಂ. ಗಂಡು ಕಡುನೀಲಿ, ಬಿಸಿಲು ಬಿದ್ದರೆ ನೇರಳೆ ಹೊಳಪು. ಚಳಿಗಾಲವನ್ನು ಬ್ರೆಜಿಲ್ ಕಡೆ ಕಳೆದು, ಸಾವಿರಾರು ಕಿಲೋಮೀಟರ್ ಹಾರಿ ಬರುತ್ತವೆ. ವಯಸ್ಸಾದ ಹಕ್ಕಿಗಳು ಮೊದಲು. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರಗಳಲ್ಲಿ ಇಲ್ಲಿ ಟೆನೆಸಿಯಲ್ಲಿ ಒಂದೋ ಎರಡೋ ಕಾಣಿಸಿಕೊಳ್ಳುತ್ತವೆ. ಹೋದ ವರ್ಷ ಹುಟ್ಟಿದ ಮರಿಗಳು ಬರೋದು ಇನ್ನೂ ಎಷ್ಟೋ ವಾರ ತಡ. ಮೊದಲು ಬಂದದ್ದಕ್ಕೆ ಒಳ್ಳೆಯ ಗೂಡು ಸಿಗುತ್ತದೆ. ಚಳಿ ತಿರುಗಿ ಬಿದ್ದರೆ ಮೊದಲು ಸಾಯುವುದೂ ಅದೇ.

ಈ ಹಕ್ಕಿಗೂ ಮನುಷ್ಯರಿಗೂ ಇರುವ ನಂಟು ಬಹಳ ಹಳೆಯದು. ಬಿಳಿಯರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಒಣಗಿದ ಸೋರೆಬುರುಡೆಗೆ ತೂತು ಕೊರೆದು, ಗಳುವಿನ ಮೇಲೆ ನೇತುಹಾಕುತ್ತಿದ್ದರು. ಹಕ್ಕಿ ಬಂದು ಅದರಲ್ಲಿ ಗೂಡು ಕಟ್ಟುತ್ತಿತ್ತು. ಈಗ ಅಮೆರಿಕದ ಪೂರ್ವ ಭಾಗದಲ್ಲಿ ಮಾರ್ಟಿನ್ ಹೆಚ್ಚುಕಡಿಮೆ ಪೂರ್ತಿಯಾಗಿ ಜನ ಕಟ್ಟಿಕೊಟ್ಟ ಗೂಡುಗಳಲ್ಲೇ ಮರಿ ಮಾಡುತ್ತದೆ. ಮರದ ಪೊಟರೆಗೆ ಹೋಗುವ ರೂಢಿ ತಪ್ಪಿಹೋಗಿದೆ. ಅಂದರೆ ಹಿತ್ತಲಲ್ಲಿ ಯಾರೋ ಒಬ್ಬರು ಕಂಬ ನೆಟ್ಟು ಕಾಯದಿದ್ದರೆ ಈ ಹಕ್ಕಿಗೆ ನೆಲೆಯೇ ಇಲ್ಲ.

ನಮ್ಮ ಪಕ್ಕದ ಮನೆಯ ಅಜ್ಜ ಹಾಗೆ ಕಾಯುವವರು. ಹುಟ್ಟಿದ್ದು ಬೆಳೆದಿದ್ದು ಎಲ್ಲ ಇಲ್ಲೇ. ಅವರ ಕಂಬಕ್ಕೆ ರಾಟೆ ಇದೆ, ಬಾವಿಯಿಂದ ಕೊಡ ಎಳೆದ ಹಾಗೆ ಗೂಡುಗಳನ್ನು ಇಳಿಸಿ ಏರಿಸುತ್ತಾರೆ. ಹಾವು ಹತ್ತದಂತೆ ಕಂಬದ ನಡುವೆ ತಗಡಿನ ಕೊಳವೆ. ಪ್ಲಾಸ್ಟಿಕ್ಕಿನ ಬಿಳಿ ಸೋರೆಬುರುಡೆಗಳು, ಒಂದೊಂದಕ್ಕೂ ನಂಬರು.

ಮಾರ್ಟಿನ್ ತಿನ್ನುವುದು ಹಾರುವ ಹುಳುವನ್ನು ಮಾತ್ರ. ಕಾಳು ಮುಟ್ಟುವುದಿಲ್ಲ. ಬಿಸಿ 10 ಡಿಗ್ರಿಗಿಂತ ಕೆಳಗಿಳಿದರೆ ಹುಳು ಹಾರೋದು ನಿಂತುಹೋಗುತ್ತದೆ. ಹಾಗೇ ಕೆಲವು ದಿನ ಕಳೆದರೆ ಹಕ್ಕಿ ಗೂಡಿನೊಳಗೇ ಸತ್ತುಹೋಗಬಹುದು. ಹೋದ ಮಾರ್ಚಿನಲ್ಲಿ ಅಂಥದ್ದೇ ಚಳಿ ಬಂತು. ಅಜ್ಜ ಫ್ರೀಜರಿನಿಂದ ಮಿಡತೆಯಂಥ ಕ್ರಿಕೆಟ್ ಹುಳುಗಳ ಡಬ್ಬಿ ತೆಗೆದು ಬೆಚ್ಚಗಿನ ನೀರಿನಲ್ಲಿಟ್ಟರು. ಆಮೇಲೆ ಪ್ಲಾಸ್ಟಿಕ್ ಚಮಚದ ತುದಿಯಲ್ಲಿ ಒಂದು ಹುಳು ಇಟ್ಟು, ಚಮಚವನ್ನು ಹಿಂದಕ್ಕೆ ಬಗ್ಗಿಸಿ, ಮೇಲಕ್ಕೆ ಚಿಮ್ಮಿದರು. ಹುಳು ಹಕ್ಕಿಯ ಮುಂದೆ ಹಾದು ಹುಲ್ಲಿಗೆ ಬಿತ್ತು. ಹಕ್ಕಿ ಕದಲಲಿಲ್ಲ. ಮತ್ತೊಂದು. ಇನ್ನೊಂದು. ಪಟ್ಟು ಬಿಡದೆ ಎಸೆದರು. ಕೊನೆಗೆ ಒಂದು ಗಂಡು ಹಕ್ಕಿ ರೆಕ್ಕೆ ಬಿಚ್ಚಿ ಇಳಿದು, ನೆಲ ಮುಟ್ಟುವ ಮೊದಲೇ ಹುಳು ಹಿಡಿದು ಹೋಯಿತು. ಅದನ್ನು ನೋಡಿ ಮಿಕ್ಕವೂ ಕಲಿತವು. ಸಂಜೆ ಹೊತ್ತಿಗೆ ಉಪ್ಪು ಹಾಕದೆ ಹುರಿದ ಮೊಟ್ಟೆಯ ಚೂರನ್ನೂ ಹಿಡಿಯುತ್ತಿದ್ದವು. ನಾನೂ ಒಂದಷ್ಟು ಹೊತ್ತು ಚಮಚ ಹಿಡಿದೆ. ತಣ್ಣನೆ ಗಾಳಿಗೆ ಬೆರಳು ಸೆಟೆದುಕೊಳ್ಳುತ್ತಿದ್ದವು, ಆದರೂ ಬಿಟ್ಟು ಒಳಗೆ ಹೋಗಲು ಮನಸ್ಸು ಬರಲಿಲ್ಲ.

‘ಇದೆಲ್ಲ ಅತಿಯಾಯ್ತು, ಪ್ರಕೃತಿ ನೋಡಿಕೊಳ್ಳುತ್ತೆ ಬಿಡಿ’ ಅನ್ನುವವರು ಇಲ್ಲೂ ಇದ್ದಾರೆ, ನಮ್ಮ ಕನ್ನಡ ಗೆಳೆಯರಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಪೂರ್ತಿ ಹೆಪ್ಪುಗಟ್ಟಿದಾಗ, ಬೇಗ ಬಂದಿದ್ದ ಎಷ್ಟೋ ಮಾರ್ಟಿನ್‌ಗಳು ಸತ್ತವು. ಗೂಡು ಕೊಟ್ಟು ಕರೆದವರು ನಾವು. ನೂರಾರು ವರ್ಷ ಕರೆದೂ ಕರೆದೂ ಅದರ ಕಾಡಿನ ಮನೆ ಮರೆಸಿದ್ದೇವೆ. ಈಗ ಹವೆ ಕೆಟ್ಟಾಗ ಪ್ರಕೃತಿಯ ಕಡೆ ಕೈ ತೋರಿಸುವುದು ನ್ಯಾಯವಲ್ಲ, ಅಲ್ವಾ?

ಈ ಮಾತನ್ನು ನಾನು ಕಲಿತದ್ದು ಟೆನೆಸಿಯಲ್ಲಲ್ಲ. ನಮ್ಮಮ್ಮನ ತವರು ಮದ್ದೂರು ಕಡೆ. ಕೊಕ್ಕರೆಬೆಳ್ಳೂರು ಅಲ್ಲಿಂದ ಹತ್ತಿರ. ಇಲ್ಲಿ ಮಾರ್ಟಿನ್ ಬರುವ ಹೊತ್ತಿಗೆ ಅಲ್ಲಿ ಹುಣಸೆಮರಗಳ ತುಂಬಾ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಸಂಸಾರ ನಡೆದಿರುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ಅವನ್ನು ಕರೆಯುವುದು. ಬರೀ ಬಾಯಿಮಾತಲ್ಲ. ಮೀನಿನ ವಾಸನೆ, ಹಿಕ್ಕೆಯ ಗಲೀಜು, ಹಗಲು ರಾತ್ರಿ ಗಲಾಟೆ ಎಲ್ಲ ಸಹಿಸಿಕೊಳ್ಳುತ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆಹಣ್ಣು ಬಡಿಯುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ, ಅದು ಸಾಲದು ಅನ್ನುವ ಕೊರಗೂ ಊರಲ್ಲಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನಲ್ಲಿ ಹಕ್ಕಿ ಕಾಯುವ ಗುಂಪಾದ ‘ಹೆಜ್ಜಾರ್ಲೆ ಬಳಗ’ದವರು ಬೇಲಿಯೊಳಗಿಟ್ಟು ಮೀನು ಕೊಟ್ಟು ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟಿದ್ದಾರೆ. ಹಿಂದೆ ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. 2007ರಲ್ಲಿ ಆ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು.

ಗುಬ್ಬಚ್ಚಿ ವಿಷಯದಲ್ಲಿ ಮಾತ್ರ ಎರಡು ಕಡೆಯವರೂ ತದ್ವಿರುದ್ಧ. ನಾವು ಜಗುಲಿಯಲ್ಲಿ ಭತ್ತದ ತೆನೆ ಕಟ್ಟಿ ಅದನ್ನು ಕರೆಯುತ್ತೇವೆ. ಅಜ್ಜ ಗುಬ್ಬಿಗೂಡು ಕಂಡ ಕೂಡಲೇ ಕಿತ್ತು ಬಿಸಾಡುತ್ತಾರೆ. ನೋಡಿ ಹೊಟ್ಟೆ ಚುರ್ ಅಂತು. ಆದರೆ 1851ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟ ಹಕ್ಕಿ ಅದು, ಇಲ್ಲಿನದಲ್ಲ. ಮಾರ್ಟಿನ್‌ನ ಮೊಟ್ಟೆ ಕುಕ್ಕಿ ಹಾಕುತ್ತದೆ, ಮರಿ ಕೊಲ್ಲುತ್ತದೆ. ಇಲ್ಲಿ ಅಜ್ಜ ಮಾಡುವುದೇ ಸರಿ.

ಅಜ್ಜನ ಶಿಸ್ತು ನಮ್ಮವರಿಗೆ ಬರಬೇಕು ಅಂತ ನನಗೆ ಬಹಳ ಆಸೆ. ಮೊದಲ ಹಕ್ಕಿ ಬಂದ ದಿನ, ಯಾವ ಬುರುಡೆಯಲ್ಲಿ ಎಷ್ಟು ಮೊಟ್ಟೆ, ಎಷ್ಟು ಮರಿ ಹಾರಿತು, ಎಲ್ಲ ಪುಸ್ತಕದಲ್ಲಿ ಬರೆದಿಡುತ್ತಾರೆ. ಪೆನ್ಸಿಲ್ವೇನಿಯಾದ ಈರಿಯಲ್ಲಿರುವ ಪರ್ಪಲ್ ಮಾರ್ಟಿನ್ ಕನ್ಸರ್ವೇಶನ್ ಅಸೋಸಿಯೇಷನ್ ಇಂಥ ಸಾಮಾನ್ಯ ಜನರಿಂದಲೇ ಮಾಹಿತಿ ತರಿಸಿಕೊಂಡು, ಯಾವ ಊರಿಗೆ ಹಕ್ಕಿ ಯಾವತ್ತು ಬಂತು ಅಂತ ಪ್ರತಿವರ್ಷ ಲೆಕ್ಕ ಇಡುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು, ಮಾರ್ಚ್ ಹೊತ್ತಿಗೆ ಹೊರಡುತ್ತವೆ. ಅಂಥ ಕೆರೆ ಇರುವ ಪ್ರತಿ ಊರಿನ ಶಾಲೆಯಲ್ಲೂ ಬಂದ ದಿನ, ಹೋದ ದಿನ, ಕೆರೆಯ ನೀರಿನ ಮಟ್ಟ ಬರೆಯುವ ಒಂದು ಪುಸ್ತಕ ಇದ್ದರೆ ಎಷ್ಟು ಚೆನ್ನ! ಮಳೆ, ಬಿಸಿಲು ಎರಡೂ ಅಂದಾಜಿಗೆ ಸಿಗದ ಈ ಕಾಲದಲ್ಲಿ, ‘ಅವು ಬರ್ತವೆ, ಹೋಗ್ತವೆ’ ಅಂತ ಸುಮ್ನೆ ಇರುವುದು ಸಾಲದು.

ಆದರೆ ಅಜ್ಜನ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಅದು ಒಬ್ಬರ ಹಿತ್ತಲು, ಒಬ್ಬರ ಕೈ. ನಮ್ಮ ಬೀದಿಯ ಕೊನೆಯಲ್ಲಿ ಇನ್ನೊಬ್ಬರು ಹೀಗೇ ಹಕ್ಕಿ ಸಾಕುತ್ತಿದ್ದರು. ಅವರು ತೀರಿಕೊಂಡರು, ಮಕ್ಕಳು ಮನೆ ಮಾರಿದರು, ಕೊಂಡವರು ಕಂಬ ಕಿತ್ತರು. ಕೊಂಡವರ ತಪ್ಪೇನಿಲ್ಲ, ಅವರಿಗೆ ಹೇಳಿದವರೇ ಇಲ್ಲ. ಆದರೆ ಮಾರ್ಟಿನ್ ಪ್ರತಿವರ್ಷ ಅದೇ ಜಾಗ ಹುಡುಕಿಕೊಂಡು ಬರುವ ಹಕ್ಕಿ. ಆ ಮಾರ್ಚಿನಲ್ಲಿ ಖಾಲಿ ಹುಲ್ಲುಹಾಸಿನ ಮೇಲೆ ಸುತ್ತಿ ಸುತ್ತಿ ಹಾರುತ್ತಿದ್ದವು. ಕೊಕ್ಕರೆಬೆಳ್ಳೂರಿನಲ್ಲಿ ಒಬ್ಬ ಅಜ್ಜ ಹೋದರೆ ಹಕ್ಕಿ ಅನಾಥ ಆಗುವುದಿಲ್ಲ. ಮರ ಒಬ್ಬರದ್ದು, ಹಕ್ಕಿ ಊರಿನದ್ದು.

ಅದಕ್ಕೇ ಈ ಸಲ ನಮ್ಮ ಬಡಾವಣೆಯ ಸಭೆಯಲ್ಲಿ ಎದ್ದು ಕೇಳಿದೆ: ಕೊಳದ ಪಕ್ಕದ ಸಾರ್ವಜನಿಕ ಜಾಗದಲ್ಲಿ ಒಂದು ಕಂಬ ನೆಡೋಣ, ಖರ್ಚು ಎಲ್ಲರದ್ದು, ಚಳಿ ಬಿದ್ದರೆ ಹುಳು ಎಸೆಯುವ ಪಾಳಿ ಹಾಕಿಕೊಳ್ಳೋಣ. ಕೊಕ್ಕರೆಬೆಳ್ಳೂರಿನ ಫೋಟೋಗಳನ್ನೂ ತೋರಿಸಿದೆ. ಮನೆ ಸೂರಿಗೆ ತಾಗುವಂತೆ ಕೂತ ಹೆಜ್ಜಾರ್ಲೆ ನೋಡಿ ಒಬ್ಬ ಹೆಂಗಸು, ಇವರಿಗೆ ಇಷ್ಟು ಸಾಧ್ಯ ಅಂದರೆ ನಮಗೆ ಒಂದು ಕಂಬ ಕಷ್ಟವೇ ಅಂದರು. ಸೊಳ್ಳೆ, ಗಲೀಜು, ವಿಮೆ ಅಂತ ಆಕ್ಷೇಪಗಳೂ ಬಂದವು. ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಅಷ್ಟರಲ್ಲಿ ಅಜ್ಜ ಮೂವರು ಹುಡುಗರಿಗೆ ಚಮಚ ಬಗ್ಗಿಸುವುದು ಹೇಗೆ ಅಂತ ಕಲಿಸಲು ಶುರು ಮಾಡಿದ್ದಾರೆ.